ನುಡಿ ಅಕ್ಷರದ ಹಳೆ ಫಾಕ್ಸ್‌ಪ್ರೋ ಡೇಟಾವನ್ನು ವೆಬ್ ಆ್ಯಪ್‌ಗೆ ಜೋಡಿಸೋದು ಹೇಗೆ? ಯಾವ ಲೈಬ್ರರಿ?

ಹೊಳೆಸಾಲು
ಎಲ್ಲರಿಗೂ ನಮಸ್ಕಾರ. ಒಂದು ಕೃಷಿ ಪತ್ತಿನ ಸಹಕಾರ ಸಂಘದ ಕೆಲಸ. ಲೆಕ್ಕದ ಸಾಫ್ಟ್‌ವೇರ್ ವಿಷುಯಲ್ ಫಾಕ್ಸ್‌ಪ್ರೋ 9ರಲ್ಲಿದೆ (ವಿಎಫ್‌ಪಿ, ಮೈಕ್ರೋಸಾಫ್ಟ್‌ನ ಹಳೆ ಡೇಟಾಬೇಸ್ ಸಾಫ್ಟ್‌ವೇರ್). ಡೇಟಾ ಎಲ್ಲಾ ಡಿಬಿಎಫ್ ಫೈಲ್‌ಗಳಲ್ಲಿ, ಜೊತೆಗೆ ಸಿಡಿಎಕ್ಸ್ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ), ಎರಡು ಟೇಬಲ್‌ಗೆ ಎಫ್‌ಪಿಟಿ ಮೆಮೊ (ಉದ್ದ ಟಿಪ್ಪಣಿಯ ಫೈಲ್). ಸದಸ್ಯರ ಹೆಸರು, ಊರು, ಸಾಲದ ಉದ್ದೇಶ ಇವೆಲ್ಲ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಯೂನಿಕೋಡ್ ಅಲ್ಲ. ಕೌಂಟರ್‌ನ ನಾಲ್ಕು ಕಂಪ್ಯೂಟರ್‌ಗಳು ಸರ್ವರ್‌ನ ಶೇರ್ಡ್ ಫೋಲ್ಡರ್‌ನಿಂದ ಇದನ್ನು ಓಡಿಸುತ್ತವೆ. ಆ ಸಾಫ್ಟ್‌ವೇರ್ ಹಾಗೇ ಮುಂದುವರಿಯಬೇಕು.

ಬೇಕಾಗಿರೋದು ಇಷ್ಟು: ಸದಸ್ಯರು ಮೊಬೈಲ್‌ನಲ್ಲಿ ತಮ್ಮ ಸಾಲದ ಬಾಕಿ ನೋಡಬೇಕು, ಸಿಬ್ಬಂದಿ ಕನ್ನಡದಲ್ಲಿ ಹೆಸರು ಹುಡುಕಬೇಕು, ಫೋನ್ ನಂಬರ್ ಬದಲಾಯಿಸಿದರೆ ಅದು ಹಳೆ ಡಿಬಿಎಫ್‌ಗೂ ಹೋಗಬೇಕು.

ಡಾಟ್‌ನೆಟ್ ಕೋರ್‌ನಲ್ಲಿ ಓಎಲ್‌ಇ ಡಿಬಿ (ಪ್ರೋಗ್ರಾಂನಿಂದ ಡೇಟಾ ತೆರೆಯಲು ವಿಂಡೋಸ್ ಕೊಡುವ ಕೊಂಡಿ) ಮೂಲಕ ತೆರೆದರೆ "ವಿಎಫ್‌ಪಿ ಪ್ರೊವೈಡರ್ ಈ ಮೆಷಿನ್‌ನಲ್ಲಿ ರಿಜಿಸ್ಟರ್ ಆಗಿಲ್ಲ" ಅಂತ ಬರುತ್ತೆ. ಇನ್‌ಸ್ಟಾಲ್ ಆಗಿದೆ, ಕಂಟ್ರೋಲ್ ಪ್ಯಾನಲ್‌ನಲ್ಲಿ ಕಾಣುತ್ತೆ. ಪೈಥಾನ್‌ನಲ್ಲಿ ತೆರೆದರೆ ಆಸ್ಕಿ ಡಿಕೋಡ್ ಎರರ್. ದಾರಿ ತೋರಿಸಿ.

ಬಿಟ್ಟು_ಬೈಟು
ಮೊದಲನೇ ಎರರ್‌ಗೆ ಕಾರಣ ಒಂದೇ. ಆ ಪ್ರೊವೈಡರ್ 32-ಬಿಟ್‌ನಲ್ಲಿ ಮಾತ್ರ ಇದೆ, 64-ಬಿಟ್ ಆವೃತ್ತಿಯನ್ನು ಮೈಕ್ರೋಸಾಫ್ಟ್ ಹೊರಗೆ ಬಿಡಲೇ ಇಲ್ಲ. ನಿಮ್ಮ ಪ್ರೋಗ್ರಾಂ 64-ಬಿಟ್ ಪ್ರೋಸೆಸ್ ಆಗಿ ಓಡ್ತಿದೆ, ಅದಕ್ಕೆ 32-ಬಿಟ್ ಡಿಎಲ್‌ಎಲ್ ಕಾಣಲ್ಲ.

ಪ್ರಾಜೆಕ್ಟ್‌ನ ಪ್ಲಾಟ್‌ಫಾರ್ಮ್ ಟಾರ್ಗೆಟ್ ಎಕ್ಸ್86 ಮಾಡಿ, ಪಬ್ಲಿಷ್ ಮಾಡುವಾಗಲೂ ವಿನ್-ಎಕ್ಸ್86 ಆರಿಸಿ. ಐಐಎಸ್‌ನಲ್ಲಿ (ವಿಂಡೋಸ್‌ನ ವೆಬ್ ಸರ್ವರ್) ಆ ಸೈಟ್‌ಗೆ ಪ್ರತ್ಯೇಕ ಆ್ಯಪ್ ಪೂಲ್ ಮಾಡಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ "ಎನೇಬಲ್ 32-ಬಿಟ್ ಅಪ್ಲಿಕೇಶನ್ಸ್" ಟ್ರೂ ಮಾಡಿ. ಮ್ಯಾಪ್ ಮಾಡಿದ ಡ್ರೈವ್ ಅಕ್ಷರ ಬಳಸಬೇಡಿ. ಐಐಎಸ್ ಬೇರೆ ಯೂಸರ್ ಹೆಸರಲ್ಲಿ ಓಡುತ್ತೆ, ಅದಕ್ಕೆ ನಿಮ್ಮ ಝಡ್ ಡ್ರೈವ್ ಇರೋದೇ ಗೊತ್ತಿರಲ್ಲ. ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುವ ಪೂರ್ತಿ ನೆಟ್‌ವರ್ಕ್ ಪಾತ್ ಕೊಡಿ. ಆ ಯೂಸರ್‌ಗೆ ಶೇರ್ ಮೇಲೂ ಫೋಲ್ಡರ್ ಮೇಲೂ ಅನುಮತಿ ಬೇಕು, ಟೆಂಪ್ ಫೋಲ್ಡರ್‌ಗೆ ಬರೆಯುವ ಅನುಮತಿಯೂ ಬೇಕು. ಕ್ವೆರಿ ದೊಡ್ಡದಾದರೆ ಫಾಕ್ಸ್ ಇಂಜಿನ್ ಅಲ್ಲಿ ತಾತ್ಕಾಲಿಕ ಫೈಲ್ ಮಾಡುತ್ತೆ.

ಕರಾವಳಿ_ಕೋಡ್
ಇಷ್ಟೆಲ್ಲ ಯಾಕೆ ಮಾರಾಯ್ರೆ, ಆ್ಯಕ್ಸೆಸ್‌ನ ಎಸಿಇ ಡ್ರೈವರ್ 64-ಬಿಟ್‌ನಲ್ಲಿ ಉಂಟಲ್ಲ. ಅದು ಡಿಬಿಎಫ್ ಓದ್ತದೆ.

ಬಿಟ್ಟು_ಬೈಟು
@ಕರಾವಳಿ_ಕೋಡ್ ಅದು ಡಿಬೇಸ್ 3, 4, 5ರ ಫೈಲ್ ಮಾತ್ರ ಓದುತ್ತೆ. ವಿಷುಯಲ್ ಫಾಕ್ಸ್‌ಪ್ರೋ ಟೇಬಲ್ ಕೊಟ್ಟರೆ "ನಿರೀಕ್ಷಿತ ಫಾರ್ಮ್ಯಾಟ್‌ನಲ್ಲಿಲ್ಲ" ಅನ್ನುತ್ತೆ. ಫೈಲ್‌ನ ಮೊದಲ ಬೈಟ್ ನೋಡಿದರೆ ಗೊತ್ತಾಗುತ್ತೆ: 3 ಇದ್ದರೆ ಮೆಮೊ ಇಲ್ಲದ ಡಿಬೇಸ್ 3 ಬಗೆ, 245 ಇದ್ದರೆ ಮೆಮೊ ಇರುವ ಫಾಕ್ಸ್‌ಪ್ರೋ 2, 48 ವಿಷುಯಲ್ ಫಾಕ್ಸ್‌ಪ್ರೋ, 49 ಆಟೋ ಇನ್ಕ್ರಿಮೆಂಟ್ ಕಾಲಂ ಇರುವಂಥದ್ದು, 50 ವಾರ್‌ಚಾರ್ ಇರುವಂಥದ್ದು. 49, 50 ಬಂದರೆ ಹಳೆ ವಿಎಫ್‌ಪಿ ಓಡಿಬಿಸಿ ಡ್ರೈವರ್ (ಡೇಟಾ ತೆರೆಯುವ ಇನ್ನೊಂದು ಕೊಂಡಿ) ಕೂಡ ಕೈ ಎತ್ತುತ್ತೆ. ಅದು ಆವೃತ್ತಿ 6ರ ಕಾಲಕ್ಕೇ ನಿಂತುಹೋಗಿದೆ. ಓಎಲ್‌ಇ ಡಿಬಿ ಪ್ರೊವೈಡರ್ 9ರದ್ದು, ಅದನ್ನೇ ಬಳಸಿ.

ಕರಾವಳಿ_ಕೋಡ್
ಸರಿ, ಒಪ್ಪಿದೆ. ಆದರೆ ಓಡಿಬಿಸಿ ಹಾದಿ ಹಿಡಿಯುವವರಿಗೆ ಒಂದು ಮಾತು: 32-ಬಿಟ್ ಓಡಿಬಿಸಿ ಅಡ್ಮಿನಿಸ್ಟ್ರೇಟರ್ ಇರುವುದು ಸಿಸ್‌ವಾವ್64 ಫೋಲ್ಡರ್‌ನಲ್ಲಿ, 64-ಬಿಟ್‌ನದ್ದು ಸಿಸ್ಟಂ32ರಲ್ಲಿ. ಹೆಸರು ನೋಡಿ ತಿರುಗಾಮುರುಗಾ ತೆಗೆದು, ಡಿಎಸ್‌ಎನ್ (ಹೆಸರು ಕೊಟ್ಟು ಉಳಿಸಿಟ್ಟ ಕನೆಕ್ಷನ್) ಕಾಣ್ತಿಲ್ಲ ಅಂತ ಹುಡುಕುವವರು ತುಂಬ ಜನ.

ಸಂಗಮೇಶ_ಬಿ
ಓದೋದು ಅಷ್ಟೇ ಆದ್ರ ವಿಂಡೋಸ್ ಡ್ರೈವರ್ ಬೇಕಾಗೇ ಇಲ್ರಿ. ಪೈಥಾನ್‌ದಾಗ ಡಿಬಿಎಫ್‌ರೀಡ್ ಐತಿ, ಪೂರ್ತಿ ಪೈಥಾನ್‌ದಾಗ ಬರದದ್ದು, ಲಿನಕ್ಸ್ ಮ್ಯಾಲೂ ಓಡ್ತದ. 2.0.7 ಆವೃತ್ತಿ 2016ರದ್ದು, ಹಳೇದು ಅಂತ ಅಂಜಬ್ಯಾಡ್ರಿ, ಫೈಲ್ ಫಾರ್ಮ್ಯಾಟ್ ಬದಲಾಗಿಲ್ಲಲ್ಲ. ಮೆಮೊ ಓದ್ತದ, ಫೈಲ್ ಹೆಸರಿನಾಗ ದೊಡ್ಡಕ್ಷರ ಸಣ್ಣಕ್ಷರ ಬ್ಯಾರೆ ಇದ್ರೂ ತಾನೇ ಹುಡುಕ್ಕೋತದ.

ನಿಮ್ಗ ಬಂದ ಆಸ್ಕಿ ಎರರ್‌ಗೆ ಕಾರಣ: ಎನ್‌ಕೋಡಿಂಗ್ ಕೊಡಲಿಲ್ಲಂದ್ರ ಅದು ಹೆಡರ್‌ನ (ಫೈಲ್ ಶುರುವಿನಾಗ ಇರೋ ವಿವರ) 29ನೇ ಬೈಟ್ ನೋಡ್ತದ, ಸೊನ್ನೆಯಿಂದ ಎಣಸ್ರಿ. ಅಲ್ಲಿ 3 ಇದ್ರ ವಿಂಡೋಸ್‌ನ 1252 ಕೋಡ್‌ಪೇಜ್ (ಯಾವ ಬೈಟ್ ಯಾವ ಅಕ್ಷರ ಅನ್ನೋ ಪಟ್ಟಿ), 1 ಇದ್ರ ಡಾಸ್ ಕಾಲದ 437, 2 ಇದ್ರ 850. ಸೊನ್ನೆ ಇದ್ರ ಏನೂ ಗೊತ್ತಿಲ್ಲ ಅಂತ ಅರ್ಥ, ಆಗ ಆಸ್ಕಿ ಹಿಡಿತದ, 127ರ ಮ್ಯಾಲಿನ ಮೊದಲ ಬೈಟಿಗೇ ಬೀಳ್ತದ. ಎನ್‌ಕೋಡಿಂಗ್ ಲ್ಯಾಟಿನ್-1 ಅಂತ ಕೈಯಾರೆ ಕೊಡ್ರಿ, ಮುಗೀತು.

ಹೊಳೆಸಾಲು
@ಬಿಟ್ಟು_ಬೈಟು ಎಕ್ಸ್86 ಮಾಡಿದ ಮೇಲೆ ತೆರೆಯಿತು, ಧನ್ಯವಾದ. @ಸಂಗಮೇಶ_ಬಿ ಲ್ಯಾಟಿನ್-1 ಕೊಟ್ಟೆ, ಎರರ್ ಇಲ್ಲ. ಆದರೆ ಎರಡರಲ್ಲೂ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಅದರ ಮೇಲೆ ಕೊಂಬು, ಪೌಂಡ್ ಚಿಹ್ನೆ ಹೀಗೆ ಬರುತ್ತಿದೆ. ವೆಬ್ ಪೇಜ್‌ಗೆ ನುಡಿ ಫಾಂಟನ್ನೇ ಹಾಕಿ ತೋರಿಸಿದರೆ ಆಗಲ್ವಾ?

ಅಕ್ಷರಮಾಲೆ
ಫಾಂಟ್ ಹಾಕಿ ತೋರಿಸುವ ಯೋಚನೆ ಬಿಟ್ಟುಬಿಡಿ. ಕಣ್ಣಿಗೆ ಕನ್ನಡ ಕಾಣಬಹುದು, ಹುಡುಕಾಟ ಆಗಲ್ಲ, ಕಾಪಿ ಮಾಡಿದರೆ ಕಸ ಬರುತ್ತೆ, ಸ್ಕ್ರೀನ್ ರೀಡರ್ ಓದಲ್ಲ, ಅದೇ ಪೇಜ್‌ನಲ್ಲಿ ಇಂಗ್ಲಿಷ್ ಬಂದರೆ ಅದೂ ಕೆಡುತ್ತೆ. ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಈ ಇಡೀ ಕೆಲಸದಲ್ಲಿ ಸಮಯ ತಿನ್ನುವುದು ಡ್ರೈವರ್ ಅಲ್ಲ, ಈ ಪರಿವರ್ತನೆ. ಹಾಗಾಗಿ ಬಿಡಿಸಿ ಬರೆಯುತ್ತೇನೆ.

ನುಡಿಯ ಹಳೆ ಫಾಂಟ್‌ಗಳಲ್ಲಿ ಒಂದೊಂದು ಬೈಟ್ ಒಂದೊಂದು ಅಕ್ಷರವಲ್ಲ, ಅಕ್ಷರದ ಒಂದು ತುಂಡು. "ಕನ್ನಡ" ಎಂಬ ಪದ ಡಿಬಿಎಫ್‌ನಲ್ಲಿ ಹೀಗಿರುತ್ತೆ: 80, 192, 163, 192, 223, 113, 192. 80 ಎಂದರೆ ತಲೆಕಟ್ಟಿಲ್ಲದ ಕ-ದ ಒಡಲು, 192 ತಲೆಕಟ್ಟು, 163 ನ-ದ ಒಡಲು, 223 ನ-ದ ಒತ್ತು, 113 ಡ-ದ ಒಡಲು. ಒಟ್ಟು 7 ಬೈಟ್. ಇದೇ ಪದ ಯೂನಿಕೋಡ್‌ನಲ್ಲಿ 5 ಕೋಡ್‌ಪಾಯಿಂಟ್, ಯುಟಿಎಫ್-8ರಲ್ಲಿ 15 ಬೈಟ್. ಹೊಸ ಟೇಬಲ್‌ನಲ್ಲಿ ಕಾಲಂ ಅಗಲವನ್ನು ಬೈಟ್‌ನಲ್ಲಿ ಅಳೆಯುವ ಡೇಟಾಬೇಸ್ ಬಳಸುವವರು ಇದನ್ನು ಲೆಕ್ಕಕ್ಕೆ ತಗೊಳ್ಳಿ.

ತುಂಡುಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಬದಲಾಯಿಸಿದರೆ ಆಗಲ್ಲ. "ಕರ್ನಾಟಕ" ತಗೊಳ್ಳಿ: 80, 192, 163, 193, 240, 108, 80, 192. ಇಲ್ಲಿ 240 ಅರ್ಕಾವತ್ತು. ಬರೆಯುವಾಗ ಹೇಗೆ ನಾ ಆದ ಮೇಲೆ ಬರುತ್ತದೋ ಫೈಲ್‌ನಲ್ಲೂ ಹಾಗೇ ಇದೆ. ಯೂನಿಕೋಡ್‌ನಲ್ಲಿ ರ ಮತ್ತು ಹಲಂತ ನ-ಕ್ಕಿಂತ ಮೊದಲು ಬರಬೇಕು. ಅಂದರೆ 240 ಸಿಕ್ಕ ಕೂಡಲೇ ಹಿಂದಿನ ಇಡೀ ಅಕ್ಷರಗುಚ್ಛದ ಶುರುವಿಗೆ ಹೋಗಿ ಅಲ್ಲಿ ಸೇರಿಸಬೇಕು. ಹಿಂದಿನ ಒಂದು ಬೈಟ್‌ನ ಹಿಂದೆ ಸೇರಿಸಿದರೆ ಒತ್ತು, ದೀರ್ಘ ಇರುವ ಕಡೆಯೆಲ್ಲ ತಪ್ಪುತ್ತೆ.

ಒ, ಓ ಸ್ವರಚಿಹ್ನೆಗಳೂ ತುಂಡುಗಳೇ. "ಕೋ" ಎಂದರೆ 80, 201, 198, 195: ಒಡಲು, ಎತ್ವ, ಕೊಂಬು, ದೀರ್ಘ. ಇದನ್ನು ಮೂರು ಚಿಹ್ನೆಯಾಗಿ ಹಾಗೇ ಇಟ್ಟರೆ ಕಾಣಲು "ಕೋ" ಆದರೂ, ಬಳಕೆದಾರ ಕೀಬೋರ್ಡ್‌ನಲ್ಲಿ ಹೊಡೆದ ಒಂದೇ ಚಿಹ್ನೆಯ "ಕೋ" ಜೊತೆ ಹೋಲುವುದಿಲ್ಲ. ಪರಿವರ್ತನೆ ಮುಗಿದ ಮೇಲೆ ಎನ್‌ಎಫ್‌ಸಿ ನಾರ್ಮಲೈಸ್ ಮಾಡಿ (ತುಂಡು ಚಿಹ್ನೆಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವುದು), ಹುಡುಕಲು ಬಂದ ಪದಕ್ಕೂ ಅದನ್ನೇ ಮಾಡಿ.

ಸಂಗಮೇಶ_ಬಿ
ಭಾರಿ ಬಿಡಿಸಿ ಹೇಳಿದ್ರಿ.

ಪಿಜಿ_ಪ್ರಿಯೆ
@ಸಂಗಮೇಶ_ಬಿ ಅವರ ಲ್ಯಾಟಿನ್-1 ಸಲಹೆಗೆ ಒಂದು ತಿದ್ದುಪಡಿ. ಲ್ಯಾಟಿನ್-1 ಆದರೆ 256 ಬೈಟ್‌ಗಳೂ ಹಾಗೇ ಬರುತ್ತವೆ, ಏನೂ ಕಳೆಯಲ್ಲ, ಅದು ಸರಿ. ಆದರೆ ಓಪನ್ ಸೋರ್ಸ್‌ನಲ್ಲಿ ಸಿಗುವ ಆಸ್ಕಿ-ಯೂನಿಕೋಡ್ ಪರಿವರ್ತಕಗಳ ಪಟ್ಟಿ ವಿಂಡೋಸ್ 1252ರ ಅಕ್ಷರಗಳನ್ನು ನಂಬಿ ಬರೆದದ್ದು. 128ರಿಂದ 159ರವರೆಗಿನ ಬೈಟ್‌ಗಳು ಲ್ಯಾಟಿನ್-1ರಲ್ಲಿ ಕಂಟ್ರೋಲ್ ಅಕ್ಷರ, 1252ರಲ್ಲಿ ಬಾಗಿದ ಉದ್ಧರಣ ಚಿಹ್ನೆ ಇತ್ಯಾದಿ. ಹೋಲಿಕೆ ತಪ್ಪುತ್ತೆ.

ಹಾಗಂತ 1252 ಕೊಟ್ಟರೆ ಪೈಥಾನ್ 129, 141, 143, 144, 157 ಈ ಐದು ಬೈಟ್‌ಗೆ ಎರರ್ ಕೊಡುತ್ತೆ, ಅವು ಅಲ್ಲಿ ಖಾಲಿ ಜಾಗ. ದಾರಿ ಏನೆಂದರೆ ಡಿಬಿಎಫ್‌ರೀಡ್‌ನಲ್ಲಿ ರಾ ಮೋಡ್ ಹಾಕಿ ಬೈಟ್‌ಗಳನ್ನೇ ತಗೊಳ್ಳಿ, 1252ರಲ್ಲಿ ಡಿಕೋಡ್ ಮಾಡಿ, ಈ ಐದಕ್ಕೆ ಮಾತ್ರ ಲ್ಯಾಟಿನ್-1ಕ್ಕೆ ಬೀಳುವ ಎರರ್ ಹ್ಯಾಂಡ್ಲರ್ ಬರೆಯಿರಿ. ರಾ ಮೋಡ್‌ನಲ್ಲಿ ಸಂಖ್ಯೆ, ದಿನಾಂಕ ಕೂಡ ಬೈಟ್ ಆಗೇ ಬರುತ್ತವೆ ಅನ್ನೋದು ಬೇಡವೆನಿಸಿದರೆ ಫೀಲ್ಡ್ ಪಾರ್ಸರ್ ಕ್ಲಾಸನ್ನು ವಿಸ್ತರಿಸಿ ಕ್ಯಾರೆಕ್ಟರ್ ಫೀಲ್ಡ್‌ನ ಫಂಕ್ಷನ್ ಮಾತ್ರ ಬದಲಾಯಿಸಿ.

ಬಿಟ್ಟು_ಬೈಟು
ಓಎಲ್‌ಇ ಡಿಬಿ ಕಡೆಯವರಿಗೂ ಇದರಲ್ಲಿ ಪಾಲಿದೆ. 29ನೇ ಬೈಟ್ 1 ಆಗಿದ್ದರೆ ಡ್ರೈವರ್ 437ರಿಂದ 1252ಕ್ಕೆ ತಾನೇ ಬದಲಾಯಿಸಿ ಕೊಡುತ್ತೆ, ನುಡಿ ಬೈಟ್‌ಗಳು ಅಲ್ಲೇ ಕೆಡುತ್ತವೆ. ಆಮೇಲೆ ಆ ಸ್ಟ್ರಿಂಗ್ ಯೂನಿಕೋಡ್ ಆಗೋದು ವಿಂಡೋಸ್‌ನ ಸಿಸ್ಟಂ ಕೋಡ್‌ಪೇಜ್ ಮೂಲಕ. ರೀಜನ್ ಸೆಟ್ಟಿಂಗ್ಸ್‌ನಲ್ಲಿ "ಬೀಟಾ: ಯುಟಿಎಫ್-8" ಟಿಕ್ ಆಗಿದ್ದರೆ ತೆಗೆಯಿರಿ, ಸಿಸ್ಟಂ ಲೊಕೇಲ್ ಇಂಗ್ಲಿಷ್ ಇರಲಿ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಆನ್ಸಿ ಕೋಡ್‌ಪೇಜ್ ಅನ್ನೋದೇ ಇಲ್ಲ.

ಮಂಡ್ಯ_ಮೈನ್‌ಫ್ರೇಮ್
ಒಂದೇ ಕಾಲಂನಲ್ಲಿ ಇಂಗ್ಲಿಷ್ ಹೆಸರೂ ನುಡಿ ಹೆಸರೂ ಬೆರೆತಿರ್ತವೆ, ಅದನ್ನ ಯಾರೂ ಹೇಳ್ಲಿಲ್ವಲ್ಲ. ಡಿಬಿಎಫ್‌ನಲ್ಲಿ ಫಾಂಟ್ ಯಾವುದು ಅಂತ ಎಲ್ಲೂ ಬರ್ದಿರಲ್ಲ. ಇಂಗ್ಲಿಷ್‌ನ ಎ ಬಿ ಸಿ ಅನ್ನೋದನ್ನ ಪರಿವರ್ತಕಕ್ಕೆ ಕೊಟ್ರೆ ಅನುಸ್ವಾರ, ವಿಸರ್ಗ, ಅ ಅಂತ ಕೊಡುತ್ತೆ.

ಕರಾವಳಿ_ಕೋಡ್
127ರ ಮೇಲಿನ ಬೈಟ್ ಒಂದೂ ಇಲ್ಲದಿದ್ದರೆ ಇಂಗ್ಲಿಷ್ ಅಂತ ಬಿಡುವುದಪ್ಪ, ಅಷ್ಟೇ.

ಅಕ್ಷರಮಾಲೆ
ಅಷ್ಟೇ ಅಲ್ಲ. "ಗಿರಿ" ನುಡಿಯಲ್ಲಿ 86, 106. ಗುಡಿಸು ಇರುವ ಅಕ್ಷರಗಳಿಗೆ ಸೇರಿಸಿಯೇ ಒಂದು ಬೈಟ್ ಇದೆ, ತಲೆಕಟ್ಟು ಬೇಕಿಲ್ಲ. ಎರಡೂ 127ರ ಒಳಗೆ, ನಿಮ್ಮ ನಿಯಮದ ಪ್ರಕಾರ ಅದು ಇಂಗ್ಲಿಷ್‌ನ ವಿ, ಜೆ. ಬಹುಪಾಲು ಹೆಸರಿಗೆ ನಿಮ್ಮ ನಿಯಮ ಸಾಕು, ಉಳಿದದ್ದಕ್ಕೆ ಹೀಗೆ ಮಾಡಬಹುದು: 127ರ ಮೇಲೆ ಬೈಟ್ ಇಲ್ಲದ, ನಾಲ್ಕು ಬೈಟ್‌ಗಿಂತ ಚಿಕ್ಕದಾದ ಸಾಲುಗಳನ್ನು ಪ್ರತ್ಯೇಕ ಪಟ್ಟಿ ಮಾಡಿ ಸಿಬ್ಬಂದಿಗೆ ಕೊಡಿ. ಅದೇ ಸಾಲಿನ ಊರಿನ ಕಾಲಂ ನುಡಿಯಲ್ಲಿದ್ದರೆ ಹೆಸರೂ ನುಡಿ ಆಗಿರುವ ಸಾಧ್ಯತೆ ಹೆಚ್ಚು, ಅದನ್ನೂ ಪಟ್ಟಿಯಲ್ಲಿ ತೋರಿಸಿ.

ಇನ್ನೊಂದು ಪಟ್ಟಿಯೂ ಬೇಕಾಗುತ್ತೆ. ಹೆಸರಿನ ಫೀಲ್ಡ್ 30 ಬೈಟ್ ಅಂದುಕೊಳ್ಳಿ. ಉದ್ದದ ಹೆಸರು 30ನೇ ಬೈಟ್‌ಗೆ ಕತ್ತರಿಸಿಹೋಗಿ ಕೊನೆಗೆ ತಲೆಕಟ್ಟಿಲ್ಲದ ಒಡಲು ಮಾತ್ರ ಉಳಿದಿರುತ್ತೆ. ಪರಿವರ್ತಿಸಿದ ಮೇಲೆ ಕನ್ನಡದ ನಡುವೆ ಒಂಟಿ ರೋಮನ್ ಅಕ್ಷರ ಉಳಿದ ಸಾಲುಗಳನ್ನೆಲ್ಲ ಹೊರತೆಗೆಯಿರಿ. ಕತ್ತರಿಸಿದ್ದು, "ಬರಹ" ತಂತ್ರಾಂಶದ ಅಥವಾ ಬೇರೆ ಫಾಂಟ್‌ನಿಂದ ಬಂದದ್ದು, ಕೈತಪ್ಪಿ ಹೊಡೆದದ್ದು ಎಲ್ಲಾ ಅದರಲ್ಲಿ ಸಿಗುತ್ತೆ.

ಟೆಕ್ಕಿ_ತಿಪ್ಪ
ಒಂದು ಮಾತು ಕೇಳ್ತೀನಿ. ಇಷ್ಟು ಒದ್ದಾಡೋ ಬದಲು ಫಾಕ್ಸ್‌ಪ್ರೋನೇ ಕಿತ್ತು ಹಾಕಿ ಎಲ್ಲಾ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹಾಕ್ಬಾರ್ದಾ? 2007ರಲ್ಲೇ ಮೈಕ್ರೋಸಾಫ್ಟ್ ಮುಂದಿನ ಆವೃತ್ತಿ ಇಲ್ಲ ಅಂತು, 2015ರ ಜನವರಿಗೆ ಸಪೋರ್ಟೂ ಮುಗೀತು.

ಮಂಡ್ಯ_ಮೈನ್‌ಫ್ರೇಮ್
ಗುರು, ಅವರು ಮೊದಲ ಪ್ಯಾರಾದಲ್ಲೇ ಹೇಳವ್ರೆ ಆ ಸಾಫ್ಟ್‌ವೇರ್ ಮುಂದುವರೀಬೇಕು ಅಂತ. ಬಡ್ಡಿ ಲೆಕ್ಕ, ಬಡ್ಡಿ ರಿಯಾಯಿತಿ, ಆಡಿಟ್ ವರದಿ ಎಲ್ಲಾ ಆ ಪ್ರೋಗ್ರಾಂ ಒಳಗೆ ಕೂತೈತೆ. ಡೇಟಾ ಸಾಗಿಸೋದು ಸುಲಭ, ಆ ಲೆಕ್ಕದ ನಿಯಮಗಳನ್ನ ಸಾಗಿಸೋದು ಬೇರೆ ಪ್ರಾಜೆಕ್ಟು.

ಟೆಕ್ಕಿ_ತಿಪ್ಪ
ಸಪೋರ್ಟ್ ಇಲ್ಲದ್ದನ್ನ ಇಂಟರ್ನೆಟ್‌ಗೆ ಒಡ್ಡೋದು ಅಪಾಯ ಅನ್ನೋದಷ್ಟೇ ನನ್ನ ವಾದ.

ಪಿಜಿ_ಪ್ರಿಯೆ
ಆ ವಾದ ನಿಜ, ಅದಕ್ಕೇ ವೆಬ್ ಆ್ಯಪ್ ಡಿಬಿಎಫ್ ಮುಟ್ಟಬಾರದು. ನಾನು ಹೇಳುವ ವಿನ್ಯಾಸ: ಡಿಬಿಎಫ್‌ನಿಂದ ಒಂದು ಚಿಕ್ಕ ಪ್ರೋಗ್ರಾಂ ಓದಿ, ಯೂನಿಕೋಡ್ ಮಾಡಿ, ಪೋಸ್ಟ್‌ಗ್ರೆಸ್‌ಗೆ ತುಂಬುತ್ತೆ. ವೆಬ್ ಆ್ಯಪ್ ನೋಡೋದು ಪೋಸ್ಟ್‌ಗ್ರೆಸ್ ಮಾತ್ರ. ನುಡಿ ಎಂಬ ವಿಷಯ ಆ ಒಂದು ಪ್ರೋಗ್ರಾಂನ ಆಚೆ ಯಾರಿಗೂ ಗೊತ್ತಾಗಬಾರದು.

ಬದಲಾದ ಸಾಲು ಯಾವುದು ಅಂತ ಡಿಬಿಎಫ್ ಹೇಳಲ್ಲ. ಹೆಡರ್‌ನಲ್ಲಿ ಕೊನೆಯ ಬದಲಾವಣೆಯ ತಾರೀಖು ಇದೆ, ಗಂಟೆ ಇಲ್ಲ. ಹಾಗಾಗಿ ಪ್ರತಿ ರೆಕಾರ್ಡ್‌ನ ಕಚ್ಚಾ ಬೈಟ್‌ಗಳ ಹ್ಯಾಶ್ (ಬೈಟ್‌ಗಳಿಂದ ಲೆಕ್ಕ ಹಾಕಿದ ಚಿಕ್ಕ ಗುರುತು) ಇಟ್ಟುಕೊಂಡು ಹೋಲಿಸಿ. ಮೊದಲ ಬೈಟ್ ಸೇರಿಸಿಯೇ ಹ್ಯಾಶ್ ಮಾಡಿ: ಅದು ಖಾಲಿ ಜಾಗ ಇದ್ದರೆ ಜೀವಂತ ರೆಕಾರ್ಡ್, ನಕ್ಷತ್ರ ಚಿಹ್ನೆ ಇದ್ದರೆ ಅಳಿಸಿದ್ದು. ಪ್ಯಾಕ್ ಮಾಡುವ ತನಕ ಅಳಿಸಿದ್ದು ಫೈಲ್‌ನಲ್ಲೇ ಕೂತಿರುತ್ತೆ, ರೀಕಾಲ್ ಕೊಟ್ಟರೆ ಮರಳಿ ಬರುತ್ತೆ. ರೆಕಾರ್ಡ್ ನಂಬರನ್ನು ಕೀ ಮಾಡಿಕೊಳ್ಳಬೇಡಿ, ಪ್ಯಾಕ್ ಆದ ಕೂಡಲೇ ಎಲ್ಲಾ ನಂಬರ್ ಜರುಗುತ್ತವೆ. ಸದಸ್ಯತ್ವ ಸಂಖ್ಯೆ, ಸಾಲದ ಖಾತೆ ಸಂಖ್ಯೆ ಕೀ ಆಗಲಿ.

ಸಂಗಮೇಶ_ಬಿ
ದುಡ್ಡಿನ ಕಾಲಂ ಬಗ್ಗೆ ಹುಷಾರಾಗಿರ್ರಿ. ನ್ಯೂಮರಿಕ್ ಫೀಲ್ಡ್ ಡಿಬಿಎಫ್‌ದಾಗ ಅಂಕಿಯ ಅಕ್ಷರಗಳಾಗೇ ಇರ್ತದ, ಬಲಕ್ಕ ಹೊಂದಿಸಿ. ಡಿಬಿಎಫ್‌ರೀಡ್ ಅದನ್ನ ಫ್ಲೋಟ್ ಮಾಡಿ ಕೊಡ್ತದ. ಪಾರ್ಸರ್ ಬದಲಿಸಿ ಡೆಸಿಮಲ್ ಮಾಡ್ಕೋರಿ, ಇಲ್ಲಾಂದ್ರ ಮೊತ್ತ ಕೂಡಿಸಿದಾಗ ಪೈಸೆ ತಪ್ಪತದ.

ಫೀಲ್ಡಿನ ಅಗಲಕ್ಕಿಂತ ದೊಡ್ಡ ಸಂಖ್ಯೆ ಹಾಕಿದ್ರ ಫಾಕ್ಸ್ ಅಲ್ಲಿ ಬರೇ ನಕ್ಷತ್ರ ಚಿಹ್ನೆ ತುಂಬತದ. ಲೈಬ್ರರಿ ಆ ನಕ್ಷತ್ರಗಳನ್ನ ಪ್ಯಾಡಿಂಗ್ ಅಂತ ತಿಳಕೊಂಡು ತಗದು ಖಾಲಿ ಅಂತ ಕೊಡ್ತದ, ಎರರ್ ಹೇಳಂಗಿಲ್ಲ. ಬಾಕಿ ಖಾಲಿ ಬಂದ್ರ ಸೊನ್ನೆ ಅಂತ ತೋರಸ್ಬ್ಯಾಡ್ರಿ, ಆ ಸಾಲನ್ನ ತಡದು ವರದಿ ಮಾಡ್ರಿ.

ತಾರೀಖು ಎಂಟು ಅಂಕಿ, ವರ್ಷ ತಿಂಗಳು ದಿನ ಅನ್ನೋ ಕ್ರಮ. ಖಾಲಿ ತಾರೀಖು ಅಂದ್ರ ಎಂಟು ಸ್ಪೇಸ್. ಡಿಬಿಎಫ್‌ರೀಡ್ ಅದಕ್ಕ ಖಾಲಿ ಅಂತ ಕೊಡ್ತದ, ಓಎಲ್‌ಇ ಡಿಬಿ 30-12-1899 ಅಂತ ಕೊಡ್ತದ. ಹಳೆ ಎಂಟ್ರಿಯೊಳಗ 1905, 1910 ಅಂತ ಸಾಲದ ತಾರೀಖು ಕಂಡ್ರ ಅದು ಎರಡಂಕಿ ವರ್ಷ ಹೊಡೆದದ್ದರ ಫಲ.

ಹೊಳೆಸಾಲು
ತುಂಬ ಉಪಯೋಗ ಆಯಿತು. ಈಗ ಫೋನ್ ನಂಬರ್ ವಾಪಸ್ ಬರೆಯುವುದು. ಪೈಥಾನ್‌ನಲ್ಲಿ "ಡಿಬಿಎಫ್" ಅಂತಲೇ ಇನ್ನೊಂದು ಲೈಬ್ರರಿ ಇದೆ, ಅದು ಬರೆಯುತ್ತೆ. ಅದರಲ್ಲೇ ಬರೆದುಬಿಡಲಾ? ಬರೀ ಒಂದು ಫೀಲ್ಡ್.

ಬಿಟ್ಟು_ಬೈಟು
ಬೇಡ. ಓಡುತ್ತಿರುವ ಟೇಬಲ್‌ಗೆ ಆ ಲೈಬ್ರರಿಯಿಂದ ಬರೆಯಲೇಬೇಡಿ.

ಅದು ಡಿಬಿಎಫ್ ಬರೆಯುತ್ತೆ, ಸಿಡಿಎಕ್ಸ್ ಅಪ್‌ಡೇಟ್ ಮಾಡಲ್ಲ. ಹೆಡರ್‌ನ 28ನೇ ಬೈಟ್‌ನಲ್ಲಿ ಸಿಡಿಎಕ್ಸ್ ಇದೆ ಎಂಬ ಗುರುತಿರುತ್ತೆ, ಫಾಕ್ಸ್‌ಪ್ರೋ ಟೇಬಲ್ ತೆರೆದಾಗಲೆಲ್ಲ ಅದನ್ನೂ ತೆರೆದು ನಂಬುತ್ತೆ. ಫೋನ್ ನಂಬರ್ ಮೇಲೆ ಟ್ಯಾಗ್ ಇದ್ದರೆ ಹೊಸ ನಂಬರ್ ಹಾಕಿ ಸೀಕ್ ಮಾಡಿದರೆ (ಇಂಡೆಕ್ಸ್‌ನಲ್ಲಿ ಹುಡುಕಿದರೆ) ಸಿಗಲ್ಲ, ಹಳೆ ನಂಬರ್ ಹಾಕಿದರೆ ಹೊಸ ನಂಬರಿನ ಸಾಲು ಬರುತ್ತೆ. ಹೊಸ ರೆಕಾರ್ಡ್ ಸೇರಿಸಿದ್ದರೆ ಇಂಡೆಕ್ಸ್ ಕ್ರಮದಲ್ಲಿ ತೆಗೆದ ವರದಿಯಲ್ಲಿ ಅದು ಬರೋದೇ ಇಲ್ಲ, ಒಟ್ಟು ಮೊತ್ತ ತಾಳೆ ಆಗಲ್ಲ. ಇದು ಕೌಂಟರ್‌ನವರಿಗೆ ವಾರದ ನಂತರ ಗೊತ್ತಾಗುತ್ತೆ, ಆಗ ಕಾರಣ ಹುಡುಕೋದು ಕಷ್ಟ. ಕೊನೆಗೆ 114ನೇ ಎರರ್, "ಇಂಡೆಕ್ಸ್ ಟೇಬಲ್‌ಗೆ ಹೊಂದುತ್ತಿಲ್ಲ".

ಎರಡನೇದು ಲಾಕ್. ಕೌಂಟರ್‌ನಲ್ಲಿ ಅದೇ ರೆಕಾರ್ಡ್ ತೆರೆದು ತಿದ್ದುತ್ತಿದ್ದರೆ ಫಾಕ್ಸ್‌ಪ್ರೋ ಫೈಲ್‌ನ ಒಂದು ಬೈಟ್ ವ್ಯಾಪ್ತಿಯನ್ನು ತನ್ನದೇ ಲೆಕ್ಕದಲ್ಲಿ ಲಾಕ್ ಮಾಡಿರುತ್ತೆ. ಆ ಲೆಕ್ಕ ಪಾಲಿಸದ ಲೈಬ್ರರಿ ಅದರ ಮೇಲೇ ಬರೆದುಬಿಡುತ್ತೆ. ಮೂರನೇದು, ಟೇಬಲ್ ಡಿಬಿಸಿ (ಫಾಕ್ಸ್‌ಪ್ರೋ ಡೇಟಾಬೇಸ್ ಫೈಲ್) ಒಳಗಿದ್ದರೆ ಅದರ ಟ್ರಿಗರ್, ವ್ಯಾಲಿಡೇಶನ್ ನಿಯಮ ಯಾವುದೂ ಓಡಲ್ಲ.

ಬರೆಯೋದು ಫಾಕ್ಸ್ ಇಂಜಿನ್ ಮೂಲಕವೇ ಆಗಲಿ, ಅಂದರೆ ಓಎಲ್‌ಇ ಡಿಬಿ ಪ್ರೊವೈಡರ್. ವೆಬ್ ಆ್ಯಪ್ ಪೋಸ್ಟ್‌ಗ್ರೆಸ್‌ನಲ್ಲಿ ಒಂದು ವಿನಂತಿ ಟೇಬಲ್‌ಗೆ ಹಾಕಲಿ: ಸದಸ್ಯತ್ವ ಸಂಖ್ಯೆ, ಹಳೆ ನಂಬರ್, ಹೊಸ ನಂಬರ್, ಸ್ಥಿತಿ. 32-ಬಿಟ್‌ನ ಒಂದು ಕನ್ಸೋಲ್ ಪ್ರೋಗ್ರಾಂ ಟಾಸ್ಕ್ ಶೆಡ್ಯೂಲರ್‌ನಲ್ಲಿ 5 ನಿಮಿಷಕ್ಕೊಮ್ಮೆ ಎದ್ದು, ಬಾಕಿ ಇರುವುದನ್ನು ಡಿಬಿಎಫ್‌ಗೆ ಅಪ್‌ಡೇಟ್ ಮಾಡಲಿ. ವೇರ್ ಷರತ್ತಿನಲ್ಲಿ ಹಳೆ ನಂಬರೂ ಇರಲಿ. ನಡುವೆ ಕೌಂಟರ್‌ನವರು ಬದಲಾಯಿಸಿದ್ದರೆ ಸೊನ್ನೆ ಸಾಲು ಅಪ್‌ಡೇಟ್ ಆಗುತ್ತೆ, ಆಗ ಅದನ್ನು ವಿಫಲ ಅಂತ ಗುರುತು ಮಾಡಿ. 109ನೇ ಎರರ್ ಬಂದರೆ ರೆಕಾರ್ಡ್ ಬೇರೆಯವರ ಕೈಲಿದೆ, 3 ಅಥವಾ 1705 ಬಂದರೆ ಯಾರೋ ಪ್ಯಾಕ್ ಅಥವಾ ರೀಇಂಡೆಕ್ಸ್‌ಗೆ ಎಕ್ಸ್‌ಕ್ಲೂಸಿವ್ ತೆರೆದಿದ್ದಾರೆ. ಇವಕ್ಕೆಲ್ಲ ಮುಂದಿನ ಸುತ್ತಿನಲ್ಲಿ ಮತ್ತೆ ಪ್ರಯತ್ನ.

ಇನ್ನೊಂದು: ಹೊಸ ಸಾಲು ಸೇರಿಸುವಾಗ ಕಾಲಂ ಬಿಟ್ಟರೆ "ಫೀಲ್ಡ್ ನಲ್ ಒಪ್ಪಲ್ಲ" ಅನ್ನುತ್ತೆ. ಅದೇ ಕನೆಕ್ಷನ್‌ನಲ್ಲಿ ಮೊದಲು "ಸೆಟ್ ನಲ್ ಆಫ್" ಓಡಿಸಿ. ಪ್ಯಾರಾಮೀಟರ್‌ಗೆ ಹೆಸರು ನಡೆಯಲ್ಲ, ಪ್ರಶ್ನಾರ್ಥಕ ಚಿಹ್ನೆ ಮಾತ್ರ, ಕ್ರಮ ತಪ್ಪಬಾರದು.

ಟೆಕ್ಕಿ_ತಿಪ್ಪ
ಪ್ಯಾರಾಮೀಟರ್ ಬಳಸಲೇಬೇಕು ಅನ್ನೋದಕ್ಕೆ ಇನ್ನೊಂದು ಕಾರಣ. ಈ ಪ್ರೊವೈಡರ್‌ನಲ್ಲಿ ಎಕ್ಸಿಕ್‌ಸ್ಕ್ರಿಪ್ಟ್ ಇದೆ, ಅಂದರೆ ಸ್ಟ್ರಿಂಗ್ ಆಗಿ ಬಂದ ಫಾಕ್ಸ್ ಕೋಡ್ ಓಡುತ್ತೆ. ಬಳಕೆದಾರ ಟೈಪ್ ಮಾಡಿದ್ದನ್ನು ಕ್ವೆರಿಗೆ ಅಂಟಿಸಿದರೆ ಹೋಗೋದು ಒಂದು ಟೇಬಲ್ ಅಲ್ಲ. ಹಾಗೇ ಡೇಟಾ ಫೋಲ್ಡರ್ ವೆಬ್‌ಸೈಟ್‌ನ ರೂಟ್ ಒಳಗೆ ಇಡಬೇಡಿ. ಡಿಬಿಎಫ್‌ಗೆ ಪಾಸ್‌ವರ್ಡ್ ಇಲ್ಲ, ಡೌನ್‌ಲೋಡ್ ಆದರೆ ಎಲ್ಲಾ ಸದಸ್ಯರ ಸಾಲದ ವಿವರ ಹೊರಗೆ.

ಕರಾವಳಿ_ಕೋಡ್
ಕನೆಕ್ಷನ್ ಪೂಲಿಂಗ್ ನೆನಪಿಡಿ. ಪ್ರೋಗ್ರಾಂ ಕನೆಕ್ಷನ್ ಮುಚ್ಚಿದರೂ ಪೂಲ್ ಅದನ್ನು ಹಿಡಿದುಕೊಂಡಿರ್ತದೆ, ಡಿಬಿಎಫ್ ತೆರೆದೇ ಇರ್ತದೆ, ಸಂಜೆ ಪ್ಯಾಕ್ ಮಾಡುವವರಿಗೆ "ಫೈಲ್ ಬಳಕೆಯಲ್ಲಿದೆ" ಅಂತ ಬರ್ತದೆ. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಓಎಲ್‌ಇ ಡಿಬಿ ಸರ್ವಿಸಸ್‌ಗೆ -4 ಕೊಟ್ಟರೆ ಪೂಲಿಂಗ್ ನಿಲ್ತದೆ.

ಡೇಟಾ ಲಿನಕ್ಸ್ ಸಾಂಬಾ ಸರ್ವರ್‌ನಲ್ಲಿ ಉಂಟಾದರೆ ಡಿಬಿಎಫ್, ಸಿಡಿಎಕ್ಸ್, ಎಫ್‌ಪಿಟಿ ಮೂರಕ್ಕೂ ವೀಟೋ ಆಪ್‌ಲಾಕ್ ಫೈಲ್ಸ್ (ಕ್ಲೈಂಟ್ ಕ್ಯಾಷ್ ಮಾಡದಂತೆ ತಡೆಯುವ ಸೆಟ್ಟಿಂಗ್) ಹಾಕಿ. ಕ್ಲೈಂಟ್ ತನ್ನ ಕ್ಯಾಷ್‌ನಲ್ಲಿ ಬರೆದಿಟ್ಟುಕೊಂಡು ನೆಟ್‌ವರ್ಕ್ ಕಡಿದರೆ ಇಂಡೆಕ್ಸ್ ಹಾಳಾಗುವುದು ಅಲ್ಲಿಯೇ.

ಅಕ್ಷರಮಾಲೆ
ಅಪ್ಪರ್ ಫಂಕ್ಷನ್ (ಇಂಗ್ಲಿಷ್ ಸಣ್ಣಕ್ಷರವನ್ನು ದೊಡ್ಡಕ್ಷರ ಮಾಡುವಂಥದ್ದು) ಬಗ್ಗೆ ಹೇಳದೆ ಬಿಡುವುದು ಸರಿಯಲ್ಲ. ಫಾಕ್ಸ್‌ಪ್ರೋ ಪ್ರೋಗ್ರಾಮರ್‌ಗಳು ಹೆಸರಿನ ಇಂಡೆಕ್ಸ್‌ಗೆ ಅಪ್ಪರ್ ಹಾಕುವುದು ರೂಢಿ. ನುಡಿ ಬೈಟ್‌ಗಳ ಮೇಲೆ ಅದು ಅಕ್ಷರವನ್ನೇ ಬದಲಾಯಿಸುತ್ತೆ. 113 ಡ-ದ ಒಡಲು, ಅಪ್ಪರ್ ಆದರೆ 81, ಅದು "ಕಿ". "ನಮ್ಮ" ಪದದಲ್ಲಿ ಮ-ದ ಒತ್ತು 228, ಅಪ್ಪರ್ ಆದರೆ 196, ಅದು ಕೊಂಬು. ಅರ್ಕಾವತ್ತಿನ 240 ಹೋಗಿ 208 ಆಗುತ್ತೆ. ಇಂಡೆಕ್ಸ್ ಕೀಯಲ್ಲಿ ಮಾತ್ರ ಇದ್ದರೆ ತಪ್ಪು ಹೆಸರು ಸೇರಿಕೊಳ್ಳುವುದಷ್ಟೇ, ಸೇವ್ ಮಾಡುವ ಮೊದಲು ಅಪ್ಪರ್ ಹಾಕಿದ್ದರೆ ಡೇಟಾವೇ ಹೋಯಿತು.

ಕೊಲೇಟ್ (ಅಕ್ಷರಗಳನ್ನು ಹೋಲಿಸುವ, ಜೋಡಿಸುವ ಕ್ರಮ) ಜನರಲ್ ಇದ್ದರೆ ಇನ್ನೂ ತೊಂದರೆ. ಅದು ಅಕ್ಷರದ ಮೇಲಿನ ಗುರುತುಗಳನ್ನು ಪೂರ್ತಿ ಲೆಕ್ಕಿಸದೆ 192 ಮತ್ತು 193 ಒಂದೇ ಅಂತ ತಿಳಿಯಬಹುದು. ಆಗ ರಮ, ರಾಮ ಎರಡೂ ಒಂದೇ ಹೆಸರಾಗುತ್ತವೆ. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಕೊಲೇಟಿಂಗ್ ಸೀಕ್ವೆನ್ಸ್ ಮೆಷೀನ್ ಅಂತ ಬರೆದೇ ಕೊಡಿ. ನುಡಿ ಬೈಟ್‌ಗಳನ್ನು ಹಾಗೇ ಮೈಎಸ್‌ಕ್ಯುಎಲ್‌ಗೆ ತುಂಬಿ ಲ್ಯಾಟಿನ್1 ಸ್ವೀಡಿಷ್ ಕೊಲೇಶನ್ ಬಿಟ್ಟವರಿಗೂ ಇದೇ ಗತಿ.

ಹೆಸರನ್ನೂ ಮುಂದೆ ವಾಪಸ್ ಬರೆಯುವ ಯೋಚನೆ ಇದ್ದರೆ ಮೊದಲು ಇಡೀ ಟೇಬಲ್ ಮೇಲೆ ನುಡಿಯಿಂದ ಯೂನಿಕೋಡ್, ಯೂನಿಕೋಡ್‌ನಿಂದ ಮರಳಿ ನುಡಿ ಮಾಡಿ ಬೈಟ್ ಬೈಟ್ ಹೋಲಿಸಿ. ಅರ್ಕಾವತ್ತಿನ "ರ್ಯ" ಮತ್ತು ರ-ಕ್ಕೆ ಯ ಒತ್ತು ಕೊಟ್ಟ "ರ‍್ಯಾಂಕ್" ಬಗೆಯದ್ದು ಇಲ್ಲಿ ಸಿಕ್ಕಿಬೀಳುತ್ತೆ, ಎರಡನೆಯದಕ್ಕೆ ರ ಆದ ಮೇಲೆ ಝಡ್‌ಡಬ್ಲ್ಯುಜೆ (ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆ) ಬೇಕು.

ಮಂಡ್ಯ_ಮೈನ್‌ಫ್ರೇಮ್
ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡ ಅಕಾರಾದಿ ಬರುತ್ತಾ?

ಪಿಜಿ_ಪ್ರಿಯೆ
ಐಸಿಯು (ಯೂನಿಕೋಡ್ ಕೆಲಸದ ಲೈಬ್ರರಿ) ಸೇರಿಸಿ ಬಿಲ್ಡ್ ಆಗಿದ್ದರೆ ಕನ್ನಡದ ಐಸಿಯು ಕೊಲೇಶನ್ ಸಿದ್ಧವಾಗಿಯೇ ಇರುತ್ತೆ, ಆರ್ಡರ್ ಬೈ ಮುಂದೆ ಹಾಕಿದರೆ ಸಾಕು. ಸಿ ಕೊಲೇಶನ್‌ನಲ್ಲಿ ಬಿಟ್ಟರೆ ಕೋಡ್‌ಪಾಯಿಂಟ್ ಕ್ರಮ ಬರುತ್ತೆ, ವ್ಯಂಜನಗಳು ಬಹುಮಟ್ಟಿಗೆ ಸರಿ ಇರುತ್ತವೆ. ಹುಡುಕುವಾಗ ಕೊನೆಯ ಹಲಂತ ಬಿಟ್ಟು ಹೋಲಿಸಿ, ರಮೇಶ ಮತ್ತು ರಮೇಶ್ ಎರಡೂ ಸಿಗಬೇಕು.

ಹೊಳೆಸಾಲು
ಹಾಗಾದರೆ ಹೀಗೆ ಮಾಡುತ್ತೇನೆ: ಡಿಬಿಎಫ್‌ಗಳನ್ನು ಬೇರೆ ಫೋಲ್ಡರ್‌ಗೆ ಕಾಪಿ, ಡಿಬಿಎಫ್‌ರೀಡ್‌ನಿಂದ ಓದಿ ಯೂನಿಕೋಡ್ ಮಾಡಿ ಪೋಸ್ಟ್‌ಗ್ರೆಸ್‌ಗೆ, ವಾಪಸ್ ಬರೆಯಲು 32-ಬಿಟ್ ಪ್ರೋಗ್ರಾಂ. ಕೌಂಟರ್ ನಡೆಯುವಾಗಲೇ ಕಾಪಿ ಮಾಡಿದರೆ ಅರ್ಧಂಬರ್ಧ ಬರಲ್ವಾ?

ಪಿಜಿ_ಪ್ರಿಯೆ
ಬರಬಹುದು. ವಿಂಡೋಸ್ ಸರ್ವರ್ ಆಗಿದ್ದರೆ ಡಿಸ್ಕ್‌ಶ್ಯಾಡೋ ಎಂಬ ಟೂಲ್‌ನಿಂದ ಶ್ಯಾಡೋ ಕಾಪಿ (ಡಿಸ್ಕ್‌ನ ಆ ಕ್ಷಣದ ಪ್ರತಿ) ತೆಗೆದು ಅದರಿಂದ ನಕಲಿಸಿ, ಆಗ ಡಿಬಿಎಫ್ ಮತ್ತು ಎಫ್‌ಪಿಟಿ ಒಂದೇ ಕ್ಷಣದ್ದಾಗಿರುತ್ತವೆ. ಎರಡನ್ನೂ ಒಂದಾದ ಮೇಲೊಂದು ಕಾಪಿ ಮಾಡಿದರೆ ಮೆಮೊ ಬ್ಲಾಕ್ ನಂಬರ್ ತಪ್ಪಿ ಒಬ್ಬರ ಟಿಪ್ಪಣಿ ಇನ್ನೊಬ್ಬರಿಗೆ ಕಾಣಬಹುದು.

ಕಾಪಿ ಆದ ಮೇಲೆ ಲೆಕ್ಕ ಹಾಕಿ ನೋಡಿ. ಹೆಡರ್‌ನ 4ರಿಂದ 7ನೇ ಬೈಟ್ ರೆಕಾರ್ಡ್ ಸಂಖ್ಯೆ, 8 ಮತ್ತು 9 ಹೆಡರ್ ಉದ್ದ, 10 ಮತ್ತು 11 ರೆಕಾರ್ಡ್ ಉದ್ದ, ಎಲ್ಲದರಲ್ಲೂ ಚಿಕ್ಕ ಬೈಟ್ ಮೊದಲು. ಫೈಲ್ ಗಾತ್ರ = ಹೆಡರ್ ಉದ್ದ + ರೆಕಾರ್ಡ್ ಸಂಖ್ಯೆ × ರೆಕಾರ್ಡ್ ಉದ್ದ, ಕೊನೆಗೆ 26 ಎಂಬ ಒಂದು ಬೈಟ್ ಹೆಚ್ಚಿಗೆ ಇರಬಹುದು, ಇಲ್ಲದೆಯೂ ಇರಬಹುದು. ಹೆಡರ್ ಉದ್ದ ಸರಿಯಿದೆಯಾ ಅಂತಲೂ ನೋಡಬಹುದು: ವಿಷುಯಲ್ ಫಾಕ್ಸ್‌ಪ್ರೋದಲ್ಲಿ 32, ಪ್ರತಿ ಫೀಲ್ಡ್‌ಗೆ 32, ಮುಗಿದದ್ದಕ್ಕೆ 1, ಡಿಬಿಸಿ ಕೊಂಡಿಗೆ 263. 20 ಫೀಲ್ಡ್ ಇದ್ದರೆ 936. ತಾಳೆ ಆಗದಿದ್ದರೆ ಆ ಸುತ್ತನ್ನು ಬಿಟ್ಟು ಹಿಂದಿನ ಡೇಟಾವನ್ನೇ ಇಟ್ಟುಕೊಳ್ಳಿ, ಪೇಜ್‌ನಲ್ಲಿ "ಇಷ್ಟು ಗಂಟೆಯ ಮಾಹಿತಿ" ಅಂತ ಸಮಯ ತೋರಿಸಿ.

ಬಿಟ್ಟು_ಬೈಟು
ಎರಡು ಮೂರು ಸುತ್ತು ಸತತವಾಗಿ ತಾಳೆ ಆಗದಿದ್ದರೆ ಅದು ಕಾಪಿಯ ತಪ್ಪಲ್ಲ, ಮೂಲ ಟೇಬಲ್‌ನ ಹೆಡರ್ ಎಣಿಕೆಯೇ ಕೆಟ್ಟಿದೆ. ಕೌಂಟರ್‌ನಲ್ಲೂ 2091 ಎರರ್ ಬರೋಕೆ ಶುರುವಾಗಿರುತ್ತೆ. ಎಲ್ಲರನ್ನೂ ಹೊರಗೆ ಕಳಿಸಿ, ಬ್ಯಾಕಪ್ ತೆಗೆದು, ಆಮೇಲೇ ರಿಪೇರಿ. ಬ್ಯಾಕಪ್ ಇಲ್ಲದೆ ಪ್ಯಾಕ್ ಕೊಡಬೇಡಿ.